ದೊಡ್ಡ ಮನೆಗಳ ಬಾಗಿಲು

‘ಅತಿಥಿ’ ಎಂಬ ಮಾತಿಗೆ ನಮ್ಮ ಹಿರಿಯರು ಹೇಳುವ ಅರ್ಥ, ತಿಥಿ ವಾರಗಳನ್ನು ನೋಡದೆ, ಮುಂಚಿತವಾಗಿ ತಿಳಿಸದೆ ಬರುವವನು ಎಂದು. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ದೊಡ್ಡ ಮನೆತನಗಳ ಚರಿತ್ರೆಯನ್ನು ಓದತೊಡಗಿದಾಗ ನನಗೆ ಮೊದಲು ನಗು ಬಂದಿತು. ಅಲ್ಲಿಯ ನಗರಗಳಲ್ಲಿ ಅತಿಥಿಗೆ ತಿಥಿಯಿತ್ತು, ಗಳಿಗೆಯಿತ್ತು, ಕೈಯಲ್ಲಿ ಹಿಡಿದು ಬರಬೇಕಾದ ಚೀಟಿಯಿತ್ತು. ಆ ಚೀಟಿಯ ಮೂಲೆಯನ್ನು ಯಾವಾಗ ಮಡಿಸಬೇಕೆಂಬುದಕ್ಕೂ ಶಾಸ್ತ್ರವಿತ್ತು. ಇನ್ನಷ್ಟು ಓದಿದ ಮೇಲೆ ನಗು ನಿಂತಿತು. ಅಮೆರಿಕದ ರಾಜ್ಯಾಂಗವು ಸರಕಾರವು ಯಾರಿಗೂ ಕುಲೀನ ಬಿರುದುಗಳನ್ನು ಕೊಡಬಾರದೆಂದು ನಿಷೇಧಿಸಿದೆ. ರಾಜನಿಲ್ಲ, ಆಸ್ಥಾನವಿಲ್ಲ, ಜಹಗೀರಿನ ಬಿರುದುಗಳಿಲ್ಲ. ಹಾಗಿದ್ದ ಮೇಲೆ ಯಾರು ದೊಡ್ಡವರು, ಯಾರು ಅಲ್ಲ ಎಂಬುದನ್ನು ತೀರ್ಮಾನಿಸುವವರು ಯಾರು? ಬಹುಮಟ್ಟಿಗೆ ಆ ಕೆಲಸವನ್ನು ಮಾಡಿದ್ದು ಮನೆಯ ಬಾಗಿಲು. ಯಾರಿಗೆ ಅದು ತೆರೆಯಿತು, ಯಾರಿಗೆ ತೆರೆಯಲಿಲ್ಲ, ಒಳಗಿನ ಉಪಚಾರದ ಹೊರೆಯನ್ನು ಯಾರು ಹೊತ್ತರು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ದಕ್ಷಿಣದ ಪ್ರಾಂತಗಳನ್ನು ನೋಡೋಣ. ವರ್ಜೀನಿಯದಂಥ ಸಂಸ್ಥಾನಗಳಲ್ಲಿ ಶ್ರೀಮಂತರು ಊರಿನಲ್ಲಿ ವಾಸಿಸುತ್ತಿರಲಿಲ್ಲ. ಹೊಗೆಸೊಪ್ಪು, ಗೋಧಿ ಬೆಳೆಯುವ ತಮ್ಮ ವಿಶಾಲವಾದ ಜಮೀನುಗಳ ನಡುವೆ ಮನೆ ಕಟ್ಟಿಕೊಂಡಿದ್ದರು. ಒಂದು ಮನೆಗೂ ಇನ್ನೊಂದಕ್ಕೂ ಹರದಾರಿಗಟ್ಟಲೆ ದೂರ. ರಸ್ತೆಗಳು ಕೆಟ್ಟವು, ದಾರಿಯ ಛತ್ರಗಳು ಅವಕ್ಕಿಂತ ಕೆಟ್ಟವು. ಆದಕಾರಣ ಒಮ್ಮೆ ಬಂದ ನೆಂಟರು ಒಂದು ಹೊತ್ತು ಉಂಡು ಹೋಗುವುದು ಸಾಧ್ಯವಿರಲಿಲ್ಲ. ವಾರ, ತಿಂಗಳು ನಿಲ್ಲುತ್ತಿದ್ದರು. ನೆಂಟರಲ್ಲದವರು ಒಂದು ಪರಿಚಯ ಪತ್ರ ತಂದರೆ ಸಾಕಾಗಿತ್ತು. ‘ದಕ್ಷಿಣದ ಸತ್ಕಾರ’ ಎಂದು ಹೆಸರು ಪಡೆದದ್ದು ಇದು.

ಈ ಸತ್ಕಾರದ ಅತ್ಯಂತ ಪ್ರಸಿದ್ಧ ಉದಾಹರಣೆ ಥಾಮಸ್ ಜೆಫರ್ಸನ್ನನ ಮಾಂಟಿಚೆಲ್ಲೊ. ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಈ ಮಹನೀಯನು 1801ರಿಂದ 1809ರವರೆಗೆ ಅಧ್ಯಕ್ಷನಾಗಿದ್ದು, ಅನಂತರ ಷಾರ್ಲಟ್ಸ್‌ವಿಲ್ ಬಳಿಯ ಬೆಟ್ಟದ ಮೇಲಿನ ತನ್ನ ಮನೆಗೆ ಹಿಂತಿರುಗಿದನು. ವಿಶ್ರಾಂತಿ ದೊರೆಯಲಿಲ್ಲ. ಬಂಧುಗಳು, ಬಂಧುಗಳ ಬಂಧುಗಳು, ವಿದ್ವಾಂಸರು, ವಿದೇಶೀಯರು, ಸುಮ್ಮನೆ ಮುಖ ನೋಡಿ ಹೋಗಲು ಬಂದವರು, ಎಲ್ಲರೂ ಬಂದರು. ಅವನ ಜಮೀನಿನ ಮೇಲ್ವಿಚಾರಕನಾಗಿದ್ದ ಎಡ್ಮಂಡ್ ಬೇಕನ್ ಮುಂದೆ ಹೇಳಿದ ನೆನಪುಗಳು ಓದಲು ಬಹಳ ಸ್ವಾರಸ್ಯವಾಗಿವೆ. ಲಾಯದಲ್ಲಿ ಮೂವತ್ತಾರು ಕುದುರೆಗಳಿಗೆ ಸ್ಥಳವಿತ್ತು. ಮನೆಯ ಕುದುರೆಗಳಿಗೆ ಬೇಕಾಗಿದ್ದುದು ಹತ್ತು. ಉಳಿದದ್ದೆಲ್ಲ ಅತಿಥಿಗಳ ಕುದುರೆಗಳಿಂದ ತುಂಬಿ, ಹೆಚ್ಚಿನವನ್ನು ಬೇರೆಡೆಗೆ ಕಳುಹಿಸಬೇಕಾಗುತ್ತಿತ್ತಂತೆ. ಒಂದು ಬಂಡಿ ಹುಲ್ಲು ರಾತ್ರಿ ಬೆಳಗಾಗುವುದರೊಳಗೆ ಮಾಯ. ಜೆಫರ್ಸನ್ ಯಾರನ್ನೂ ಹಿಂದಕ್ಕೆ ಕಳುಹಿಸಲಾರದೆ, ತೊಂಬತ್ತು ಮೈಲಿ ದೂರದಲ್ಲಿ ಪಾಪ್ಲರ್ ಫಾರೆಸ್ಟ್ ಎಂಬ ಎಂಟು ಮೂಲೆಯ ಇನ್ನೊಂದು ಮನೆಯನ್ನು ಕಟ್ಟಿಸಿಕೊಂಡು ಆಗಾಗ ಅಲ್ಲಿಗೆ ಹೋಗಿ ಇರುತ್ತಿದ್ದನು. ಅತಿಥಿಗಳಿಂದ ತಪ್ಪಿಸಿಕೊಳ್ಳಲು ಯಜಮಾನನೇ ಮನೆ ಬಿಡುವ ಈ ಉಪಾಯವನ್ನು ನಮ್ಮಲ್ಲಿ ಅನೇಕರು ಮನಸ್ಸಿನಲ್ಲಾದರೂ ಮೆಚ್ಚಿಕೊಳ್ಳುವರೆಂದು ನಂಬುತ್ತೇನೆ. 1826ರ ಜುಲೈ 4ರಂದು ಅವನು ತೀರಿಕೊಂಡಾಗ ಸಾಲ ಒಂದು ಲಕ್ಷ ಡಾಲರುಗಳನ್ನು ಮೀರಿತ್ತು. ಅತಿಥಿಗಳೇ ಇದಕ್ಕೆ ಕಾರಣರೆಂದು ಹೇಳಲಾಗದು. ಹಳೆಯ ಸಾಲಗಳಿದ್ದವು, ಸ್ನೇಹಿತನಿಗೆ ನಿಂತ ಜಾಮೀನಿತ್ತು, ಬೆಳೆಯ ಬೆಲೆ ಬಿದ್ದಿತ್ತು. ಆದರೆ ಹೊರೆಗೆ ಅವರೂ ತಮ್ಮ ಪಾಲನ್ನು ಸೇರಿಸಿದ್ದರು.

ಇನ್ನು ಈ ಮನೆಯ ಊಟದ ಕೋಣೆಯನ್ನು ನೋಡಬೇಕು. ಗೋಡೆಯಲ್ಲಿ ನಡುವಿನ ಅಚ್ಚಿನ ಮೇಲೆ ತಿರುಗುವ ಒಂದು ಬಾಗಿಲು. ಅದರ ಒಂದು ಮುಖದಲ್ಲಿ ಅಟ್ಟಣೆಗಳು. ಆಚೆಯಿಂದ ಪಾತ್ರೆಗಳನ್ನಿಟ್ಟು ತಿರುಗಿಸಿದರೆ ಅಡಿಗೆ ತಾನಾಗಿ ಒಳಗೆ ಬಂದಂತೆ. ಬೆಂಕಿಗೂಡಿನ ಪಕ್ಕದಲ್ಲಿ ಕೆಳಗಿನ ನೆಲಮಾಳಿಗೆಯಿಂದ ದ್ರಾಕ್ಷಾರಸದ ಶೀಸೆಗಳನ್ನು ಮೇಲಕ್ಕೆಳೆಯುವ ಯಂತ್ರ. ಅತಿಥಿಗಳು ಈ ಚಮತ್ಕಾರವನ್ನು ಮೆಚ್ಚಿದರು. ನನಗಾದರೋ, ಬಡಿಸುವ ಕೈಗಳು ಕಾಣದಂತೆ ಊಟವನ್ನು ತರಿಸುವ ಏರ್ಪಾಡಾಗಿ ಇದು ತೋರುತ್ತದೆ. ಆ ಕೈಗಳು ಗುಲಾಮರವು. ಜೇಮ್ಸ್ ಹೆಮಿಂಗ್ಸ್ ಎಂಬವನನ್ನು ಜೆಫರ್ಸನ್ 1784ರಲ್ಲಿ ಪ್ಯಾರಿಸಿಗೆ ಕರೆದುಕೊಂಡು ಹೋಗಿ ಫ್ರೆಂಚ್ ಪಾಕಶಾಸ್ತ್ರವನ್ನು ಕಲಿಸಿದನು. ಆ ವಿದ್ಯೆಯನ್ನು ತನ್ನ ತಮ್ಮನಿಗೆ ಕಲಿಸಿಕೊಟ್ಟ ಮೇಲೆಯೇ, 1796ರಲ್ಲಿ, ಜೇಮ್ಸನಿಗೆ ಬಿಡುಗಡೆ ದೊರೆಯಿತು. ಮುಂದೆ ಅಡಿಗೆಮನೆಯನ್ನು ನಡೆಸಿದವಳು ಈಡಿತ್ ಫಾಸೆಟ್. 1824ರ ನವೆಂಬರಿನಲ್ಲಿ ಫ್ರಾನ್ಸಿನ ವೀರ ಲಾಫಾಯೆಟ್ ಮಾಂಟಿಚೆಲ್ಲೊಗೆ ಅತಿಥಿಯಾಗಿ ಬಂದು, ಇಬ್ಬರು ವೃದ್ಧರೂ ಅಂಗಳದಲ್ಲಿ ಕಣ್ಣೀರಿಡುತ್ತ ಆಲಿಂಗಿಸಿಕೊಂಡಾಗ ಅಡಿಗೆಮನೆಯಲ್ಲಿದ್ದವಳು ಅವಳೇ. ಆ ದಿನಗಳಲ್ಲಿ ಇವರಿಬ್ಬರೂ ಗಾಡಿಯಲ್ಲಿ ಕುಳಿತು ಹೋಗುತ್ತಿದ್ದಾಗ ಲಾಫಾಯೆಟ್ ಆತಿಥೇಯನೊಡನೆ, ಗುಲಾಮರಿಗೆ ಸ್ವಾತಂತ್ರ್ಯ ಕೊಡಬೇಕೆಂದು ವಾದಿಸಿದನಂತೆ. ಇದನ್ನು ನಮಗೆ ತಿಳಿಸಿದವನು ಗಾಡಿ ಹೊಡೆಯುತ್ತಿದ್ದ ಇಸ್ರೇಲ್ ಎಂಬ ಗುಲಾಮ. 1873ರಲ್ಲಿ, ಸ್ವತಂತ್ರನಾಗಿ ಓಹಾಯೊ ಸಂಸ್ಥಾನದಲ್ಲಿದ್ದಾಗ, ಅವನ ನೆನಪುಗಳು ಒಂದು ಪತ್ರಿಕೆಯಲ್ಲಿ ಅಚ್ಚಾದವು. 1827ರ ಜನವರಿಯಲ್ಲಿ ಮನೆಯ ಸಾಮಾನುಗಳೊಡನೆ ನೂರ ಮೂವತ್ತು ಜನ ಗುಲಾಮರನ್ನು ಹರಾಜಿಗಿಟ್ಟರು. ಈಡಿತ್ತಳ ಗಂಡನಿಗೆ ಉಯಿಲಿನಲ್ಲಿ ಬಿಡುಗಡೆಯಿತ್ತು. ಅವಳಿಗೂ ಮಕ್ಕಳಿಗೂ ಇರಲಿಲ್ಲ. ಹನ್ನೊಂದು ವರ್ಷದ ಮಗ ಪೀಟರನೂ ಆ ಹರಾಜಿನಲ್ಲಿ ಮಾರಾಟವಾದನು. ಅವನು ಬಹುಕಾಲದ ಮೇಲೆ ಬಿಡುಗಡೆ ಪಡೆದು, ಸಿನ್‌ಸಿನಾಟಿ ನಗರದಲ್ಲಿ ಔತಣಗಳಿಗೆ ಅಡಿಗೆ ಒದಗಿಸುವ ಉದ್ಯೋಗಿಯೂ ಬಳಿಕ ಧರ್ಮೋಪದೇಶಕನೂ ಆದನು. 1900ರಲ್ಲಿ, ತನ್ನ ಸಭೆಯವರು ಒದಗಿಸಿದ ಹಣದಿಂದ, ಮುದುಕನಾಗಿ ಮಾಂಟಿಚೆಲ್ಲೊವನ್ನು ಮತ್ತೊಮ್ಮೆ ನೋಡಿಬಂದನು. ಆ ಮನೆಗೆ ಬಂದುಹೋದ ಸಾವಿರಾರು ಜನರಲ್ಲಿ ನನಗೆ ಮರೆಯಲಾಗದವನು ಇವನೊಬ್ಬ.

ರಾಜಧಾನಿಯಾದ ವಾಷಿಂಗ್‌ಟನ್ನಿನ ಬಗೆ ಬೇರೆ. ಅಲ್ಲಿ ಊಟದ ಮೇಜೆಂದರೆ ರಾಜಕೀಯ. ಜೆಫರ್ಸನ್ ಅಧ್ಯಕ್ಷನಾಗಿದ್ದಾಗ ಹಿಂದಿನವರು ನಡೆಸುತ್ತಿದ್ದ ದರ್ಬಾರಿನಂಥ ವಾರದ ಸಭೆಗಳನ್ನು ನಿಲ್ಲಿಸಿ, ಊಟಕ್ಕೆ ಹೋಗುವಾಗ ಮೇಲುಕೀಳಿನ ಸಾಲಿಲ್ಲ, ಯಾರಿಗೆ ಎಲ್ಲಿ ಜಾಗ ಸಿಕ್ಕುವುದೋ ಅಲ್ಲಿ ಕೂರಬೇಕೆಂಬ ಪದ್ಧತಿ ಮಾಡಿದನು. 1803ರಲ್ಲಿ ಬಂದ ಬ್ರಿಟಿಷ್ ರಾಯಭಾರಿ ಆಂಥೊನಿ ಮೆರಿ, ತನ್ನ ಹೆಂಡತಿಯ ಕೈ ಹಿಡಿಯಬೇಕಾದ ಅಧ್ಯಕ್ಷನು ಬೇರೊಬ್ಬ ಮಹಿಳೆಯ ಕೈ ಹಿಡಿದು ಊಟಕ್ಕೆ ನಡೆದನೆಂದು ಕಡುಕೋಪಗೊಂಡು ಲಂಡನ್ನಿಗೆ ದೂರು ಬರೆದನು. ಆ ಬೇರೊಬ್ಬಳೇ ಡಾಲಿ ಮ್ಯಾಡಿಸನ್. 1809ರಲ್ಲಿ ಅವಳ ಪತಿ ಅಧ್ಯಕ್ಷನಾದ ಮೇಲೆ ಅವಳು ಬುಧವಾರ ಸಂಜೆಗಳಲ್ಲಿ ಮನೆಯ ಬಾಗಿಲನ್ನು ತೆರೆದಿಟ್ಟಳು. ಒಂದಿಷ್ಟು ಪರಿಚಯವಿದ್ದವರೆಲ್ಲ ಬರಬಹುದಾಗಿತ್ತು, ನೂಕುನುಗ್ಗಲಾಗುತ್ತಿತ್ತು. ಹಗಲು ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಎರಡು ಪಕ್ಷದವರು ರಾತ್ರಿ ಅವಳ ದಿವಾನಖಾನೆಯಲ್ಲಿ ಒಂದೇ ತಟ್ಟೆಯ ತಿಂಡಿ ತಿಂದು ಮಾತನಾಡುತ್ತಿದ್ದರು.

ನಾನು ಮೊದಲೇ ಹೇಳಿದ ಚೀಟಿಯ ಶಾಸ್ತ್ರಕ್ಕೆ ಈಗ ಬರುತ್ತೇನೆ. ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯ ಮುಂತಾದ ನಗರಗಳು ಬೆಳೆದಂತೆಲ್ಲ ಯಾರು ಯಾರೆಂದು ತಿಳಿಯುವುದು ಕಷ್ಟವಾಯಿತು. ರೈಲಿನಲ್ಲಿ, ವ್ಯಾಪಾರದಲ್ಲಿ ನಿನ್ನೆ ಮೊನ್ನೆ ಹಣ ಮಾಡಿದವರು ಹಳಬರಂತೆಯೇ ಉಡುಪು ತೊಟ್ಟು ಬರುತ್ತಿದ್ದರು. ಆಗ ಕೈಗೆ ಬಂದ ಆಯುಧ ವಿಸಿಟಿಂಗ್ ಕಾರ್ಡು. ಇದರ ವಿಧಿಗಳನ್ನು ಬೋಧಿಸುವ ಶಿಷ್ಟಾಚಾರದ ಕೈಪಿಡಿಗಳು ಆ ಕಾಲದಲ್ಲಿ ಹೇರಳವಾಗಿ ಅಚ್ಚಾದವು. ವಿಧಿಗಳು ಊರಿಂದೂರಿಗೆ ಒಂದಿಷ್ಟು ಬೇರೆಯಾದರೂ ಸಾರಾಂಶವಿಷ್ಟು: ಭೇಟಿಗೆ ಹೋದವನು ಬಾಗಿಲಲ್ಲಿ ಕಾರ್ಡನ್ನು ಸೇವಕನ ತಟ್ಟೆಯಲ್ಲಿಡಬೇಕು. ಸೇವಕನು ಒಳಗೆ ಹೋಗಿ ಬಂದು, ‘ಅಮ್ಮನವರು ಮನೆಯಲ್ಲಿಲ್ಲ’ ಎಂದರೆ ಅಮ್ಮನವರು ಮಹಡಿಯ ಕಿಟಕಿಯಲ್ಲೇ ಇದ್ದರೂ ಬಂದವನು ಬೇಸರಿಸಬಾರದು. ಅದನ್ನು ಯಾರೂ ಸುಳ್ಳೆಂದು ಎಣಿಸುತ್ತಿರಲಿಲ್ಲ. ಒಳಗೆ ಕರೆದರೆ ಸುಮಾರು ಕಾಲು ಗಂಟೆ ಕುಳಿತು ಎದ್ದುಬಿಡಬೇಕು. ಗಂಡಸರು ಟೊಪ್ಪಿಗೆಯನ್ನು ಕೈಯಲ್ಲೇ ಹಿಡಿದಿರುವುದು ವಾಡಿಕೆ, ಬಹಳ ಹೊತ್ತು ನಿಲ್ಲುವುದಿಲ್ಲವೆಂಬುದಕ್ಕೆ ಗುರುತಾಗಿ. ಇದಕ್ಕೆ ‘ಬೆಳಗಿನ ಭೇಟಿ’ ಎಂದು ಹೆಸರು. ಆದರೆ ಹೋಗುತ್ತಿದ್ದುದು ಮಧ್ಯಾಹ್ನದ ಮೇಲೆ! ಸೇವಕನ ಕೈಯಲ್ಲಿ ಕಳುಹಿಸದೆ ತಾನೇ ಬಂದಿದ್ದೆನೆಂದು ತಿಳಿಸಲು ಕಾರ್ಡಿನ ಒಂದು ಮೂಲೆಯನ್ನು ಮಡಿಸುವುದುಂಟು. ಊರು ಬಿಟ್ಟು ಹೋಗುವವರು ಕಾರ್ಡಿನ ಕೆಳಗೆ ‘ಬೀಳ್ಕೊಳ್ಳಲು’ ಎಂಬರ್ಥದ ಮೂರು ಫ್ರೆಂಚ್ ಪದಗಳ ಮೊದಲಕ್ಷರಗಳನ್ನು ಬರೆದು ಬಿಟ್ಟುಹೋಗುತ್ತಿದ್ದರು. ಅನೇಕ ಮಹಿಳೆಯರು ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಆ ದಿನ ತಾವು ಮನೆಯಲ್ಲಿರುವೆವೆಂದು ಕಾರ್ಡಿನಲ್ಲೇ ಅಚ್ಚುಹಾಕಿಸುತ್ತಿದ್ದರು. ಇದನ್ನೇ ನಾನು ತಿಥಿಯುಳ್ಳ ಅತಿಥಿಯೆಂದದ್ದು.

ಬಂದ ಭೇಟಿಗೆ ಕೆಲವು ದಿನಗಳಲ್ಲಿ ಪ್ರತಿಭೇಟಿ ಸಲ್ಲಿಸಲೇಬೇಕು. ಸಲ್ಲಿಸದಿದ್ದರೆ ಅದೇ ಉತ್ತರ: ನಿಮ್ಮ ಪರಿಚಯ ನಮಗೆ ಬೇಡ. ಬಾಯಿಬಿಟ್ಟು ಒಂದು ಕಠಿಣ ಮಾತನ್ನಾಡದೆ ಒಬ್ಬರನ್ನು ಸಮಾಜದಿಂದ ಹೊರಗಿಡಲು ಇದಕ್ಕಿಂತ ನಯವಾದ ಉಪಾಯ ಸಿಕ್ಕುವುದು ಕಷ್ಟ. ಈ ಲೆಕ್ಕವನ್ನೆಲ್ಲ ಇಡುತ್ತಿದ್ದವರು ಹೆಂಗಸರು. ಗಂಡಸರು ಕಛೇರಿಗೆ ಹೋಗುತ್ತಿದ್ದರು. ಹೆಂಡತಿ ತನ್ನ ಕಾರ್ಡಿನ ಜೊತೆಗೆ ಗಂಡನ ಕಾರ್ಡುಗಳನ್ನೂ ಬಿಟ್ಟುಬರುತ್ತಿದ್ದಳು. ಗಾಡಿಯಲ್ಲಿ ಮನೆಯಿಂದ ಮನೆಗೆ ಸುತ್ತಿ ಒಂದು ಮಧ್ಯಾಹ್ನದಲ್ಲಿ ಹತ್ತಾರು ಕಾರ್ಡು ಹಂಚುವುದನ್ನು ವಿಲಾಸವೆಂದು ಅಪಹಾಸ್ಯ ಮಾಡಿದ ಗಂಡಸರು ಉಂಟು. ಆದರೆ ಮಗಳ ಮದುವೆ, ಮಗನ ಉದ್ಯೋಗ, ಗಂಡನ ಸಾಲದ ನಂಬಿಕೆ ಇವೆಲ್ಲ ಎಷ್ಟೋ ವೇಳೆ ಆ ಕಾರ್ಡುಗಳ ಮೇಲೆ ನಿಂತಿದ್ದುವೆಂಬುದನ್ನು ಅವರು ಮರೆತಿದ್ದರು. ವರ್ಷಕ್ಕೊಂದು ದಿನ ಮಾತ್ರ ಇದು ತಲೆಕೆಳಗಾಗುತ್ತಿತ್ತು. ನ್ಯೂಯಾರ್ಕಿನಲ್ಲಿ ಡಚ್ಚರ ಕಾಲದಿಂದ ಬಂದ ಪದ್ಧತಿಯಂತೆ ಹೊಸವರ್ಷದ ದಿನ ಹೆಂಗಸರು ಮನೆಯಲ್ಲಿ ಮೇಜು ತುಂಬ ತಿಂಡಿಪಾನೀಯಗಳನ್ನಿಟ್ಟು ಕುಳಿತಿರುವರು; ಗಂಡಸರು ಮನೆಮನೆಗೆ ಹೋಗುವರು. ಮನೆಗೊಂದು ಬಟ್ಟಲು ಪಾನಕವೆಂದರೂ ಸಂಜೆಯ ಹೊತ್ತಿಗೆ ಅನೇಕರ ನಡಿಗೆ ಹೇಗಿರುತ್ತಿತ್ತೆಂದು ಹೇಳಬೇಕಾಗಿಲ್ಲ. ಶತಮಾನದ ಕೊನೆಗೆ ಇದೂ ಸವೆದು, ಬಾಗಿಲಿಗೆ ಒಂದು ಬುಟ್ಟಿಯನ್ನು ಕಟ್ಟಿ, ಬಂದವರು ಕಾರ್ಡನ್ನು ಅದರಲ್ಲಿ ಹಾಕಿ ಹೋಗುವುದಕ್ಕೆ ಇಳಿಯಿತು.

ಸಾಹಿತ್ಯದ ವಿದ್ಯಾರ್ಥಿಗಳಿಗಾಗಿ ಕಾಂಕರ್ಡ್ ಊರಿನ ಮಾತನ್ನು ಇಲ್ಲಿ ಸೇರಿಸುತ್ತೇನೆ. ಎಮರ್ಸನ್ನನ ಮನೆಗೆ ಕಾರ್ಡಿನ ಶಾಸ್ತ್ರ ಅಷ್ಟಾಗಿ ಮುಟ್ಟಲಿಲ್ಲ. ಪಂಡಿತರೂ ಸುಧಾರಕರೂ ವಿಚಿತ್ರ ವ್ರತಗಳವರೂ ಅಲ್ಲಿಗೆ ಬರುತ್ತಿದ್ದರು. ಥೋರೋ 1841ರಿಂದ ಸುಮಾರು ಎರಡು ವರ್ಷ ಅಲ್ಲೇ ಇದ್ದು ತೋಟ ನೋಡಿಕೊಂಡು ಮನೆಯ ರಿಪೇರಿ ಮಾಡುತ್ತಿದ್ದನು. 1872ರ ಜುಲೈನಲ್ಲಿ ಆ ಮನೆಗೆ ಬೆಂಕಿ ಬಿದ್ದಾಗ ಊರವರು ಓಡಿಬಂದು ಪುಸ್ತಕಗಳನ್ನು ಹೊರಗೆ ಸಾಗಿಸಿದರು. ಸ್ನೇಹಿತರು ಹಣ ಕೂಡಿಸಿ, ಎಮರ್ಸನ್ನನನ್ನು ಯೂರೋಪು ಈಜಿಪ್ಟುಗಳ ಪ್ರವಾಸಕ್ಕೆ ಕಳುಹಿಸಿ, ಅವನು ಬರುವುದರೊಳಗೆ ಮನೆಯನ್ನು ಮೊದಲಿನಂತೆಯೇ ಕಟ್ಟಿದರು. ಮರುವರ್ಷ ಅವನು ರೈಲಿಳಿದಾಗ ವಾದ್ಯ ಸಮೇತ ಊರೇ ನಿಲ್ದಾಣಕ್ಕೆ ಬಂದಿತ್ತು. ಅವನ ಜೀವನಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಪ್ರಸಂಗವಿದು.

ಇದಕ್ಕೆ ತೀರ ವಿರುದ್ಧವಾದ ಜಗತ್ತು ನ್ಯೂಯಾರ್ಕಿನ ಐದನೆಯ ಅವೆನ್ಯೂ. ಅಲ್ಲಿಯ ರಾಣಿ ಶ್ರೀಮತಿ ಕ್ಯಾರೊಲೈನ್ ಆಸ್ಟರ್. ಅವಳ ಆಪ್ತನಾದ ವಾರ್ಡ್ ಮೆಕಾಲಿಸ್ಟರ್ ಎಂಬವನು, ನಗರದ ಸಭ್ಯ ಸಮಾಜದಲ್ಲಿರುವವರು ಸುಮಾರು ನಾಲ್ಕು ನೂರು ಜನ ಮಾತ್ರ ಎಂದು 1888ರಲ್ಲಿ ಪತ್ರಿಕೆಯವರಿಗೆ ಹೇಳಿದನು; 1892ರಲ್ಲಿ ಹೆಸರುಗಳ ಪಟ್ಟಿಯೇ ಪ್ರಕಟವಾಯಿತು. ಎಣಿಸಿದರೆ ನಾಲ್ಕು ನೂರೂ ಇರಲಿಲ್ಲ. ಹಳೆಯ ಹಣವೆಂಬ ಹೆಮ್ಮೆಯ ಈ ಮನೆತನದ ಮೂಲಪುರುಷ, ಅಂದರೆ ಅವಳ ಗಂಡನ ಅಜ್ಜ, ಜರ್ಮನಿಯಿಂದ ಬರಿಗೈಯಲ್ಲಿ ಬಂದು ತುಪ್ಪುಳದ ತೊಗಲು ಮಾರಿದವನು. ಆದರೂ ದೋಣಿ ನಡೆಸಿ ಆಮೇಲೆ ರೈಲುಗಳಿಂದ ಕೋಟ್ಯಧೀಶರಾದ ವಾಂಡರ್‌ಬಿಲ್ಟರು ಅವಳಿಗೆ ಹೊಸಬರು. ಅವರ ಮನೆಗೆ ಅವಳ ಕಾರ್ಡು ಹೋಗಿರಲಿಲ್ಲ. 1883ರ ಮಾರ್ಚ್ 26ರಂದು ಆಲ್ವ ವಾಂಡರ್‌ಬಿಲ್ಟ್ ತನ್ನ ಹೊಸ ಮಹಲಿನಲ್ಲಿ ಒಂದು ಭಾರೀ ವೇಷದ ನೃತ್ಯಕೂಟವನ್ನೇರ್ಪಡಿಸಿದಳು. ಪ್ರಚಾರದಲ್ಲಿರುವ ಕಥೆ ಹೀಗಿದೆ: ಆಸ್ಟರಳ ಕಿರಿಯ ಮಗಳು ಗೆಳತಿಯರೊಡನೆ ಆ ಕೂಟಕ್ಕಾಗಿ ಕುಣಿತ ಕಲಿಯುತ್ತಿದ್ದಳು, ಆಹ್ವಾನ ಮಾತ್ರ ಬರಲಿಲ್ಲ. ಕೇಳಿಸಿದಾಗ, ತಾಯಿ ಎಂದೂ ನಮ್ಮ ಮನೆಗೆ ಭೇಟಿ ಕೊಟ್ಟಿಲ್ಲ, ಗುರುತಿಲ್ಲದವರನ್ನು ಹೇಗೆ ಕರೆಯಲಿ ಎಂದು ಆಲ್ವ ಹೇಳಿಕಳುಹಿಸಿದಳು. ಆಗ ಆಸ್ಟರಳ ಗಾಡಿ ಆ ಮಹಲಿನ ಮುಂದೆ ನಿಂತಿತು; ಸೇವಕನೊಬ್ಬ ಇಳಿದು ಒಂದು ಕಾರ್ಡು ಕೊಟ್ಟು ಹೋದನು. ಆಹ್ವಾನ ಒಡನೆಯೇ ಬಂದಿತು. ಕಥೆಯಲ್ಲಿ ಬಣ್ಣ ಎಷ್ಟು ಸೇರಿದೆಯೋ, ಆ ರಾತ್ರಿ ಶ್ರೀಮತಿ ಆಸ್ಟರ್ ಅಲ್ಲಿದ್ದುದು ನಿಜ.

ಇಂಥ ಜಗಳಗಳು ನಮಗೆ ಮಕ್ಕಳಾಟವಾಗಿ ಕಾಣಬಹುದು. ಬಾಗಿಲಲ್ಲಿ ತಡೆಯಲ್ಪಟ್ಟವನು ಫ್ರೆಡರಿಕ್ ಡಗ್ಲಸ್ ಆದಾಗ ಅದು ಆಟವಲ್ಲ. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ಆ ಯುಗದ ಮಹಾ ವಾಗ್ಮಿಯಾದ ಡಗ್ಲಸ್, 1865ರ ಮಾರ್ಚ್ 4ರ ಸಂಜೆ, ಲಿಂಕನ್ ಎರಡನೆಯ ಸಲ ಅಧಿಕಾರ ವಹಿಸಿದ ದಿನದ ಸ್ವಾಗತ ಸಭೆಗೆ ಶ್ವೇತಭವನಕ್ಕೆ ಹೋದನು. ಕಪ್ಪು ಜನರನ್ನು ಒಳಗೆ ಬಿಡಬಾರದೆಂಬ ಅಪ್ಪಣೆಯಿದೆಯೆಂದು ಇಬ್ಬರು ಪೋಲೀಸರು ಅವನ ತೋಳು ಹಿಡಿದರು. ಅಂಥ ಅಪ್ಪಣೆಯನ್ನು ಯಾರೂ ಕೊಟ್ಟಿರಲಿಲ್ಲ. ಹಳೆಯ ರೂಢಿಯೇ ಅಪ್ಪಣೆಯಾಗಿತ್ತು. ಆಮೇಲೆ ಒಳಗೆ ಕರೆದೊಯ್ಯುವವರಂತೆ ನಟಿಸಿ, ಜನರನ್ನು ಹೊರಗೆ ಬಿಡಲು ಹಲಗೆ ಹಾಕಿದ್ದ ಕಿಟಕಿಯ ಕಡೆಗೆ ನಡೆಸಿದರು. ಡಗ್ಲಸ್ ಅಲ್ಲೇ ನಿಂತು, ಒಳಗೆ ಹೋಗುತ್ತಿದ್ದವರೊಬ್ಬರ ಮೂಲಕ ಲಿಂಕನ್ನನಿಗೆ ಹೇಳಿಕಳುಹಿಸಿದನು. ಕ್ಷಣದಲ್ಲಿ ಒಳಗೆ ಬಿಡುವಂತೆ ಆಜ್ಞೆ ಬಂದಿತು. ಲಿಂಕನ್ ದೂರದಿಂದಲೇ ನೋಡಿ, ಸುತ್ತಲಿನವರಿಗೆಲ್ಲ ಕೇಳುವಂತೆ, ತನ್ನ ಸ್ನೇಹಿತ ಬಂದನೆಂದು ಹೇಳಿ ಕೈಹಿಡಿದು, ಅಂದಿನ ತನ್ನ ಭಾಷಣ ಹೇಗಿತ್ತೆಂದು ಅಭಿಪ್ರಾಯ ಕೇಳಿದನು. ಆರು ವಾರಗಳಲ್ಲಿ ಲಿಂಕನ್ನನ ಕೊಲೆಯಾಯಿತು. ಅವನ ಪತ್ನಿ ಗಂಡನ ಒಂದು ಊರುಗೋಲನ್ನು ಡಗ್ಲಸನಿಗೆ ಕಳುಹಿಸಿಕೊಟ್ಟಳು.

ಕಡೆಯದಾಗಿ, ಮೈಸೂರಿಗೂ ಸಂಬಂಧವುಳ್ಳ ಒಬ್ಬ ಅತಿಥಿ. 1892ರಲ್ಲಿ ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಮತ್ತು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಜುಲೈ ಕೊನೆಯ ಹೊತ್ತಿಗೆ ಷಿಕಾಗೋ ತಲುಪಿದರು. ಸರ್ವಧರ್ಮ ಸಮ್ಮೇಳನಕ್ಕೆ ಇನ್ನೂ ವಾರಗಳಿದ್ದವು. ಅದರಲ್ಲಿ ಪ್ರವೇಶಕ್ಕೆ ಬೇಕಾದ ಪರಿಚಯ ಪತ್ರ ಅವರಲ್ಲಿರಲಿಲ್ಲ. ಕೈಯ ಹಣ ಕರಗುತ್ತಿತ್ತು. ರೈಲಿನಲ್ಲಿ ಗುರುತಾದ ಲೇಖಕಿ ಕೇಟ್ ಸ್ಯಾನ್‌ಬಾರ್ನ್ ಮ್ಯಾಸಚೂಸೆಟ್ಸಿನ ತನ್ನ ತೋಟದ ಮನೆಗೆ ಅವರನ್ನು ಕರೆದಳು. ಅಲ್ಲಿಂದ ಹಾರ್ವರ್ಡಿನ ಗ್ರೀಕ್ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಅವರ ಪರಿಚಯವಾಯಿತು. ರೈಟ್ ಬರೆದುಕೊಟ್ಟ ಪತ್ರದಿಂದ ಸಮ್ಮೇಳನದ ದಾರಿ ತೆರೆಯಿತು. ಆದರೆ ಷಿಕಾಗೋಗೆ ಹಿಂತಿರುಗಿದಾಗ ಹೋಗಬೇಕಾದ ವಿಳಾಸ ಕಳೆದಿತ್ತು. ರಾತ್ರಿಯನ್ನು ರೈಲ್ವೆಯ ಸರಕಿನ ಪ್ರಾಂಗಣದಲ್ಲಿ ಕಳೆದು, ಬೆಳಗ್ಗೆ ಸಂನ್ಯಾಸಿಯ ಪದ್ಧತಿಯಂತೆ ಶ್ರೀಮಂತರ ಬೀದಿಯಲ್ಲಿ ಮನೆಮನೆಯ ಬಾಗಿಲು ತಟ್ಟಿದರು. ಕಾರ್ಡು ತರುವವರಿಗೆ ತಟ್ಟೆ ಹಿಡಿಯುತ್ತಿದ್ದ ಸೇವಕರು, ಮಾಸಿದ ಕಾವಿಯನ್ನು ನೋಡಿ ಬಾಗಿಲು ಹಾಕಿಕೊಂಡರು. ಸೋತು ರಸ್ತೆಯ ಪಕ್ಕದಲ್ಲಿ ಕುಳಿತಾಗ ಎದುರು ಮನೆಯಿಂದ ಶ್ರೀಮತಿ ಹೇಲ್ ತಾನೇ ಹೊರಗೆ ಬಂದು, ಸಮ್ಮೇಳನದ ಪ್ರತಿನಿಧಿಗಳೇ ಎಂದು ವಿಚಾರಿಸಿ ಒಳಗೆ ಕರೆದುಕೊಂಡು ಹೋಗಿ, ಉಪಚರಿಸಿ, ಸಮ್ಮೇಳನದ ಕಛೇರಿಗೆ ತಲುಪಿಸಿದಳು. ಸೆಪ್ಟೆಂಬರ್ 11ರ ಆ ಭಾಷಣವನ್ನು ಎಲ್ಲರೂ ಬಲ್ಲರು. ಡಿಯರ್‌ಬಾರ್ನ್ ಅವೆನ್ಯೂವಿನ ಹೇಲ್ ಅವರ ಮನೆ ಮುಂದೆ ಸ್ವಾಮಿಗಳಿಗೆ ಕಾಯಂ ವಿಳಾಸವಾಯಿತು. ಅವರು ಆ ಗೃಹಿಣಿಯನ್ನು ತಾಯಿಯೆಂದೂ ಹೆಣ್ಣುಮಕ್ಕಳನ್ನು ತಂಗಿಯರೆಂದೂ ಕರೆದರು. ನಮ್ಮ ಬಡವರಿಗೆ ವಿದ್ಯೆಯನ್ನು ಅವರಿರುವಲ್ಲಿಗೇ ಕೊಂಡೊಯ್ಯಬೇಕೆಂದು ಮೈಸೂರಿನ ಮಹಾರಾಜರಿಗೆ ಅವರು ಬರೆದ ದೀರ್ಘ ಪತ್ರದ ಮೇಲಿರುವ ತಾರೀಖು 1894ರ ಜೂನ್ 23, ಸ್ಥಳ ಷಿಕಾಗೋ.